ಖನಿಜಗಳ ಪಟ್ಟಿಯೂ ಪ್ರಜೆಗಳ ಪಾಲೂ

(ನಮ್ಮ ಕನ್ನಡ ಕೂಟದ ವಿಶೇಷ ಉಪನ್ಯಾಸ ಕಾರ್ಯಕ್ರಮದಲ್ಲಿ ಅತಿಥಿಗಳು ನೀಡಿದ ಭಾಷಣದ ಲಿಖಿತ ರೂಪ)



ತಾಯ್ನಾಡಿನಿಂದ ಸಹಸ್ರಾರು ಮೈಲಿ ದೂರದಲ್ಲಿ ನೆಲೆಸಿಯೂ, ವಿಜ್ಞಾನ ಮತ್ತು ರಾಜ್ಯಾಡಳಿತಕ್ಕೆ ಸಂಬಂಧಿಸಿದ ವಿಚಾರಗಳನ್ನು ಕನ್ನಡದಲ್ಲಿಯೇ ಕೇಳಬೇಕೆಂಬ ಹಂಬಲವನ್ನು ಉಳಿಸಿಕೊಂಡಿರುವ ತಮಗೆಲ್ಲ ಮೊದಲು ನನ್ನ ವಂದನೆಗಳು. ಇಂದು ನಾನು ಆರಿಸಿಕೊಂಡಿರುವ ವಿಷಯ ಮೇಲ್ನೋಟಕ್ಕೆ ತೀರ ಶುಷ್ಕವಾದುದು. ಸರ್ಕಾರಗಳು ಕೆಲವು ಖನಿಜಗಳನ್ನು ಆಯ್ದು, ಅವು 'ನಿರ್ಣಾಯಕ' ಎಂದು ಘೋಷಿಸುವ ಕ್ರಮವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಕ್ರಿಟಿಕಲ್ ಮಿನರಲ್ಸ್ ಎಂಬ ಮಾತನ್ನು ತಾವು ಈಚಿನ ವರ್ಷಗಳಲ್ಲಿ ಪದೇ ಪದೇ ಓದಿರುತ್ತೀರಿ. ಇಲ್ಲಿ ಕುಳಿತಿರುವವರಲ್ಲಿ ಅನೇಕರು ಗಣಕಯಂತ್ರ, ವಿದ್ಯುತ್ತು, ಮೋಟಾರು ವಾಹನಗಳ ಉದ್ಯಮಗಳಲ್ಲಿ ದುಡಿಯುವವರು; ಆ ಖನಿಜಗಳು ತಮ್ಮ ಕೈಯಲ್ಲೇ ದಿನವೂ ಓಡಾಡುತ್ತಿವೆ.

ಒಂದು ಖನಿಜ ನಿರ್ಣಾಯಕವೋ ಅಲ್ಲವೋ ಎಂಬುದನ್ನು ಪ್ರಯೋಗಶಾಲೆಯಲ್ಲಿ ಕಲ್ಲನ್ನು ಪರೀಕ್ಷಿಸಿ ಹೇಳಲಾಗದು. ಅದು ಒಂದು ಸರ್ಕಾರ, ಒಂದು ಕಾಲದಲ್ಲಿ, ತನ್ನ ಅಗತ್ಯವನ್ನೂ ಭಯವನ್ನೂ ತೂಗಿ ಕೈಗೊಳ್ಳುವ ತೀರ್ಮಾನ. ಆ ತೀರ್ಮಾನದ ಬೆನ್ನಿಗೆ ಹಣ, ಪರವಾನಗಿ, ಕಾನೂನಿನ ವಿನಾಯಿತಿ ಎಲ್ಲವೂ ಬರುತ್ತವೆ. ಹಾಗಾದ ಮೇಲೆ ಅದರ ಕಾರಣವನ್ನು ಕೇಳುವ ಅಧಿಕಾರವೂ ಪ್ರಜೆಗಳಿಗೆ ಇರತಕ್ಕದ್ದು. ನನ್ನ ಭಾಷಣದ ಸಾರ ಇಷ್ಟೇ. ಉಳಿದುದು ಇದರ ವಿವರಣೆ.

ಮೊದಲಿಗೆ ಒಂದು ವಿಚಿತ್ರವನ್ನು ಗಮನಿಸೋಣ. ಕೋಲಾರದ ಚಿನ್ನದ ಗಣಿಗಳ ಕೀರ್ತಿ ನಮಗೆಲ್ಲ ತಿಳಿದದ್ದೇ. 2001ರ ಫೆಬ್ರವರಿಯಲ್ಲಿ ಅವು ಮುಚ್ಚಿದಾಗ ಒಂದು ಯುಗವೇ ಮುಗಿಯಿತು. ಆ ಚಿನ್ನ, ಲೋಹಗಳಲ್ಲೆಲ್ಲ ಜನರು ಅತಿಯಾಗಿ ಬಯಸುವ ಚಿನ್ನ, ಅಮೆರಿಕದ ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿಲ್ಲ. ಭಾರತ ಸರ್ಕಾರದ ಪಟ್ಟಿಯಲ್ಲಿಯೂ ಇಲ್ಲ. ಆದರೆ ಗ್ಯಾಲಿಯಂ ಎಂಬ, ಅಂಗೈಯ ಬಿಸಿಗೇ ಕರಗುವ ಒಂದು ಲೋಹ ಎರಡರಲ್ಲಿಯೂ ಇದೆ. ಬೆಲೆಯುಳ್ಳದ್ದಕ್ಕೂ ನಿರ್ಣಾಯಕವಾದದ್ದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಈ ಅಂತರವನ್ನು ನಮ್ಮ ಅಡುಗೆಮನೆಯ ಗಾದೆಯೊಂದರಿಂದಲೇ ವಿವರಿಸಬಹುದು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎನ್ನುತ್ತೇವೆ. ಎರಡೂ ಬೇಕಾದವೇ. ಆದರೆ ತೆಂಗು ನಮ್ಮ ಹಿತ್ತಿಲಿನಲ್ಲಿ ಬೆಳೆಯುತ್ತದೆ. ಇಂಗು ಬಹುಮಟ್ಟಿಗೆ ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ಬರಬೇಕು. ಸಾರಿಗೆ ಬೀಳುವುದು ಒಂದು ಚಿಟಿಕೆ ಮಾತ್ರ. ಅದಿಲ್ಲದೆ ಹೋದರೆ ಅದರ ಸ್ಥಾನವನ್ನು ತುಂಬುವ ಬೇರೆ ಪದಾರ್ಥವಿಲ್ಲ. ಇಂಗು ಬರುವ ದಾರಿಯಲ್ಲಿ ಕದನವೆದ್ದರೆ ಮೈಸೂರಿನ ಒಗ್ಗರಣೆಗೂ ಅದರ ಬಿಸಿ ತಟ್ಟುತ್ತದೆ. ಗ್ಯಾಲಿಯಂ ಕೈಗಾರಿಕೆಯ ಇಂಗು. ಎಲ್‌ಇಡಿ ದೀಪ, ರೇಡಾರ್, ವೇಗದ ಚಿಪ್ಪುಗಳು ಇವಕ್ಕೆಲ್ಲ ಅದು ಅಲ್ಪ ಪ್ರಮಾಣದಲ್ಲಿ ಬೇಕೇ ಬೇಕು. ಅಮೆರಿಕದಲ್ಲಿ 1987ರಿಂದೀಚೆಗೆ ಅದಿರಿನಿಂದ ಗ್ಯಾಲಿಯಂ ತೆಗೆಯುವ ಕೆಲಸ ನಿಂತುಹೋಯಿತು. ಜಗತ್ತಿನ ಉತ್ಪಾದನೆಯಲ್ಲಿ ಶೇಕಡ 98ರಷ್ಟು ಚೀನದ್ದಾಯಿತು. ಚೀನ 2023ರ ಆಗಸ್ಟ್‌ನಲ್ಲಿ ಅದರ ರಫ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ, 2024ರ ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ ಅದನ್ನು ಮಾರುವುದನ್ನೇ ನಿಷೇಧಿಸಿತು. 2025ರ ನವೆಂಬರ್‌ನಲ್ಲಿ ಆ ನಿಷೇಧವನ್ನು ಒಂದು ಅವಧಿಯ ಮಟ್ಟಿಗೆ ತಡೆಹಿಡಿಯಿತು. ಕೊಡುವವನೊಬ್ಬನೇ ಆದಾಗ ಕೊಳ್ಳುವವನ ಪಾಡು ಏನೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಆದುದರಿಂದ ತಜ್ಞರು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಈ ವಸ್ತು ನಿಂತುಹೋದರೆ ಆಗುವ ನಷ್ಟವೆಷ್ಟು? ಅದು ನಿಂತುಹೋಗುವ ಸಂಭವವೆಷ್ಟು? ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2008ರಲ್ಲಿ ಹೊರತಂದ ವರದಿ ಈ ಎರಡು ಅಳತೆಗಳನ್ನು ಒಂದು ನಕ್ಷೆಯ ಎರಡು ಅಂಚುಗಳಾಗಿ ಇಟ್ಟು ತೋರಿಸಿತು. ಎರಡರಲ್ಲಿಯೂ ಮೇಲಿರುವುದೇ ನಿರ್ಣಾಯಕ.

ಈ ಚಿಂತೆ ಹೊಸದೇನಲ್ಲ. ಎರಡನೆಯ ಮಹಾಯುದ್ಧದ ಕಾರ್ಮೋಡಗಳು ಕವಿಯುತ್ತಿದ್ದಾಗಲೇ, 1939ರಲ್ಲಿ, ಅಮೆರಿಕದ ಕಾಂಗ್ರೆಸ್ ಆಯಕಟ್ಟಿನ ಪದಾರ್ಥಗಳ ದಾಸ್ತಾನಿಗೆಂದು ಕಾಯಿದೆ ಮಾಡಿತು. 1946ರಲ್ಲಿ ಅದನ್ನು ವಿಸ್ತರಿಸಿತು. ಶೀತಲಸಮರ ಮುಗಿದೊಡನೆ ಭಯವೂ ಮುಗಿಯಿತೆಂದು ಬಗೆದು, 1990ರ ದಶಕದಲ್ಲಿ ಆ ದಾಸ್ತಾನಿನ ಬಹುಭಾಗವನ್ನು ಮಾರಲಾಯಿತು. 1910ರಿಂದ ಕೆಲಸ ಮಾಡುತ್ತಿದ್ದ ಗಣಿ ಇಲಾಖೆ, ಬ್ಯೂರೋ ಆಫ್ ಮೈನ್ಸ್, 1996ರಲ್ಲಿ ಮುಚ್ಚಿತು. ತಮ್ಮಲ್ಲಿ ಹಲವರು ಈ ದೇಶಕ್ಕೆ ಬಂದಿಳಿದ ದಶಕವೇ ಅದು. ಕ್ಯಾಲಿಫೋರ್ನಿಯದ ಮೌಂಟನ್ ಪಾಸ್ ಗಣಿ ಒಂದು ಕಾಲಕ್ಕೆ ಜಗತ್ತಿಗೆ ವಿರಳ ಭೂಧಾತುಗಳನ್ನು ಒದಗಿಸುತ್ತಿತ್ತು; ಬಣ್ಣದ ಟೆಲಿವಿಷನ್ನಿನ ಕೆಂಪು ಬಣ್ಣಕ್ಕೆ ಬೇಕಾದ ಯೂರೋಪಿಯಂ ಅಲ್ಲಿಂದ ಹೊರಡುತ್ತಿತ್ತು. ಅದೂ 2002ರಲ್ಲಿ ನಿಂತಿತು. 2010ರಲ್ಲಿ ಚೀನ ಮತ್ತು ಜಪಾನಿನ ನಡುವೆ ದ್ವೀಪಗಳ ವಿವಾದ ಕೆರಳಿ ಜಪಾನಿಗೆ ವಿರಳ ಭೂಧಾತುಗಳ ಸರಬರಾಜು ತೊಡಕಿಗೆ ಸಿಕ್ಕಿದಾಗ ರಾಜಧಾನಿಗಳು ಎಚ್ಚೆತ್ತವು. 2017ರ ಡಿಸೆಂಬರ್‌ನಲ್ಲಿ ಅಧ್ಯಕ್ಷರ ಆಜ್ಞೆ ಹೊರಟು, 2018ರಲ್ಲಿ 35 ಹೆಸರುಗಳ ಪಟ್ಟಿ ಪ್ರಕಟವಾಯಿತು. 2020ರ ಎನರ್ಜಿ ಕಾಯಿದೆ ಅದಕ್ಕೆ ಶಾಸನದ ಬಲವನ್ನು ಕೊಟ್ಟು, ಕನಿಷ್ಠ ಮೂರು ವರ್ಷಕ್ಕೊಮ್ಮೆ ಪಟ್ಟಿಯನ್ನು ಪರಿಷ್ಕರಿಸಬೇಕೆಂದು ವಿಧಿಸಿತು.

2022ರ ಪಟ್ಟಿಯಲ್ಲಿ 50 ಹೆಸರುಗಳಿದ್ದವು. ಹದಿನೈದು ಹೊಸ ಖನಿಜಗಳು ಸೇರಿದವೆಂದು ಯಾರಾದರೂ ಭಾವಿಸುವುದು ಸಹಜ. ನಿಜಕ್ಕೂ ಹೊಸದಾಗಿ ಸೇರಿದವು ನಿಕ್ಕಲ್ ಮತ್ತು ಸತು, ಎರಡೇ. ಹೀಲಿಯಂ, ಪೊಟ್ಯಾಷ್, ರೀನಿಯಂ, ಸ್ಟ್ರಾನ್ಷಿಯಂ, ಯುರೇನಿಯಂ ಈ ಐದು ಹೊರಬಿದ್ದವು. ಹಿಂದೆ ಒಂದೊಂದು ಗುಂಪಾಗಿ ಎಣಿಸಿದ್ದ ವಿರಳ ಭೂಧಾತುಗಳನ್ನೂ ಪ್ಲಾಟಿನಂ ವರ್ಗದ ಲೋಹಗಳನ್ನೂ ಬಿಡಿಬಿಡಿಯಾಗಿ ಎಣಿಸಿದ್ದರಿಂದ ಸಂಖ್ಯೆ ಏರಿತು. ಎಣಿಕೆಯ ಕ್ರಮವನ್ನು ಅರಿಯದೆ ಸಂಖ್ಯೆಯನ್ನು ನಂಬಬಾರದೆಂಬುದಕ್ಕೆ ಇದೊಂದು ಪಾಠ.

ಇನ್ನು, ಒಂದೇ ಸರ್ಕಾರದ ಎರಡು ಇಲಾಖೆಗಳು ಎರಡು ಪಟ್ಟಿ ಮಾಡುತ್ತವೆಂಬ ಸಂಗತಿಗೆ ಬರುತ್ತೇನೆ. ನಾನು ಈವರೆಗೆ ಹೇಳಿದ ಪಟ್ಟಿ ಇಂಟೀರಿಯರ್ ಇಲಾಖೆಯದು. ಹೆಸರು ಕೇಳಿ ಅದನ್ನು ನಮ್ಮ ಗೃಹಖಾತೆಯೆಂದು ತಿಳಿಯಬಾರದು. ಸರ್ಕಾರಿ ನೆಲ, ಗಣಿ, ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಖಾತೆ ಅದು. ಅದರ ಅಧೀನದಲ್ಲಿರುವ ಭೂವೈಜ್ಞಾನಿಕ ಸಮೀಕ್ಷೆ ಲೆಕ್ಕ ಹಾಕುತ್ತದೆ. ಇನ್ನೊಂದು ಪಟ್ಟಿ ಎನರ್ಜಿ ಇಲಾಖೆಯದು. ಅದು ಕೇಳುವ ಪ್ರಶ್ನೆ ಬೇರೆ: ವಿದ್ಯುತ್ತನ್ನು ಉತ್ಪಾದಿಸಲು, ಸಾಗಿಸಲು, ಕೂಡಿಡಲು, ಮಿತವಾಗಿ ಬಳಸಲು ಏನು ಬೇಕು? ಆದಕಾರಣ ಅದರ 2023ರ ಪಟ್ಟಿಯಲ್ಲಿ ನೆಲದಿಂದ ಅಗೆಯದ ವಸ್ತುಗಳೂ ಇವೆ. ಟ್ರಾನ್ಸ್‌ಫಾರ್ಮರಿನ ಒಡಲಿಗೆ ಬೇಕಾದ ವಿಶೇಷ ಉಕ್ಕು, ವಿದ್ಯುತ್ ಕಾರುಗಳ ಚಿಪ್ಪುಗಳಿಗೆ ಬೇಕಾದ ಸಿಲಿಕಾನ್ ಕಾರ್ಬೈಡ್ ಇಂಥವು. ಕಬ್ಬಿಣದ ಅದಿರಿಗೆ ಬರವಿಲ್ಲ. ಅದನ್ನು ಆ ಬಗೆಯ ಉಕ್ಕಾಗಿಸುವ ಕಾರ್ಖಾನೆಗಳಿಗೆ ಬರ. ಕೊರತೆ ಗಣಿಯಲ್ಲಿರದೆ ಕುಲುಮೆಯಲ್ಲಿ ಇರಬಹುದೆಂಬ ತಿಳಿವು ಈ ಪಟ್ಟಿಯಲ್ಲಿದೆ.

ತಾಮ್ರದ ಕಥೆಯನ್ನು ಕೇಳಿ. 2023ರಲ್ಲಿ ಎನರ್ಜಿ ಇಲಾಖೆಗೆ ತಾಮ್ರ ನಿರ್ಣಾಯಕ. ಅದೇ ವರ್ಷ ಜಾರಿಯಲ್ಲಿದ್ದ ಇಂಟೀರಿಯರ್ ಇಲಾಖೆಯ ಪಟ್ಟಿಯಲ್ಲಿ ತಾಮ್ರದ ಹೆಸರಿಲ್ಲ. 2022ರ ತೆರಿಗೆ ಶಾಸನದಲ್ಲಿ, ನಿರ್ಣಾಯಕ ಖನಿಜ ತಯಾರಿಸುವವರಿಗೆ ವೆಚ್ಚದ ಶೇಕಡ 10ರಷ್ಟು ರಿಯಾಯಿತಿ ಕೊಡುವ ಮೂರನೆಯದೊಂದು ಪಟ್ಟಿಯಿದೆ, ಅಲ್ಲಿಯೂ ತಾಮ್ರವಿಲ್ಲ. ಒಂದೇ ತಂತಿ ಮೂರು ಮೇಜುಗಳ ಮೇಲೆ ಎರಡು ಬಗೆಯ ಮರ್ಯಾದೆ ಪಡೆಯಿತು! 2025ರ ನವೆಂಬರ್‌ನಲ್ಲಿ ಇಂಟೀರಿಯರ್ ಇಲಾಖೆ ಪಟ್ಟಿಯನ್ನು 60ಕ್ಕೆ ಏರಿಸಿದಾಗ ತಾಮ್ರ, ಬೆಳ್ಳಿ, ಸೀಸ, ಸಿಲಿಕಾನ್ ಮೊದಲಾದ ಹತ್ತು ಹೆಸರುಗಳು ಒಳಬಂದವು. ಈ ಸಲ ಸಮೀಕ್ಷೆಯವರು 84 ಪದಾರ್ಥಗಳನ್ನು, 402 ಉದ್ಯಮಗಳನ್ನು, 1,200ಕ್ಕೂ ಮಿಕ್ಕಿದ ಸಂಭಾವ್ಯ ಅಡಚಣೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ಶ್ರದ್ಧೆಯ ಕೆಲಸ, ಸಂದೇಹವಿಲ್ಲ. ಆದರೆ ಆಗಸ್ಟ್‌ನಲ್ಲಿ ಪ್ರಕಟವಾದ ಕರಡಿನಲ್ಲಿ ಇಲ್ಲದ ನಾಲ್ಕು ಹೆಸರುಗಳು, ಬೋರಾನ್, ಫಾಸ್ಫೇಟ್, ಯುರೇನಿಯಂ ಹಾಗೂ ಉಕ್ಕಿನ ಕುಲುಮೆಗೆ ಬಳಸುವ ಕಲ್ಲಿದ್ದಲು, ಅಂತಿಮ ಪಟ್ಟಿಯಲ್ಲಿ ಸೇರಿದವು. ಗಣಿತ ಒಂದಿಷ್ಟು ಹೇಳಿತು. ಉಳಿದುದನ್ನು ಇತರ ಇಲಾಖೆಗಳ ಸಲಹೆ ಹೇಳಿತು.

ಯುರೇನಿಯಂ ವಿಚಾರದಲ್ಲಿ ಇದು ಇನ್ನೂ ಸ್ವಾರಸ್ಯಕರ. 2020ರ ಕಾಯಿದೆ, ಇಂಧನವಾಗಿ ಉರಿಸುವ ಖನಿಜಗಳು ಈ ಪಟ್ಟಿಗೆ ಸಲ್ಲವೆಂದು ಹೇಳಿತು. ಆ ಕಾರಣದಿಂದ 2018ರಲ್ಲಿ ಇದ್ದ ಯುರೇನಿಯಂ 2022ರಲ್ಲಿ ಹೊರಬಿತ್ತು. 2025ರ ಜನವರಿಯಲ್ಲಿ ಹೊಸ ಅಧ್ಯಕ್ಷರು ತಮ್ಮ ಆಜ್ಞೆಯಲ್ಲಿ ಯುರೇನಿಯಂ ಬಗ್ಗೆ ಮರುಪರಿಶೀಲಿಸಲು ಸೂಚಿಸಿದರು. ವರ್ಷ ಕಳೆಯುವುದರೊಳಗೆ ಅದು ಮರಳಿ ಬಂದಿತು. ಕಲ್ಲಿದ್ದಲಿನ ಹೆಸರು ಕೇಳಿ ಕೆಲವರು ನಕ್ಕರು. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಯುರೋಪಿನ ಒಕ್ಕೂಟವೂ ಕುಲುಮೆಯ ಕಲ್ಲಿದ್ದಲನ್ನು 2014ರಿಂದ ತನ್ನ ಪಟ್ಟಿಯಲ್ಲಿ ಇಟ್ಟುಕೊಂಡಿದೆ. ಒಬ್ಬರ ನಿರ್ಣಯವನ್ನು ಹಾಸ್ಯ ಮಾಡುವ ಮುನ್ನ ಎಲ್ಲರ ಪಟ್ಟಿಯನ್ನೂ ಓದುವುದು ಲೇಸು.

ಕಾಲವೂ ಈ ಹೆಸರುಗಳನ್ನು ಬದಲಿಸುತ್ತದೆ. 2011ರಲ್ಲಿ ಎನರ್ಜಿ ಇಲಾಖೆ ಐದು ವಿರಳ ಭೂಧಾತುಗಳನ್ನು ಅತಿ ನಿರ್ಣಾಯಕವೆಂದು ಎಣಿಸಿತ್ತು. ಅವುಗಳಲ್ಲಿ ಯೂರೋಪಿಯಂ ಮತ್ತು ಯಿಟ್ರಿಯಂ ಟ್ಯೂಬ್‌ಲೈಟುಗಳ ಒಳಗಿನ ಬಿಳಿಯ ಲೇಪಕ್ಕೆ ಬೇಕಾದವು. ಅಷ್ಟರಲ್ಲಿ ಎಲ್‌ಇಡಿ ದೀಪಗಳು ಮನೆಮನೆಗೂ ಬಂದವು. ಆ ಲೇಪದ ಬೇಡಿಕೆ ಕುಸಿಯಿತು. ಅದೇ ಇಲಾಖೆಯ 2023ರ ಪಟ್ಟಿಯಲ್ಲಿ ಇವೆರಡೂ ಇಲ್ಲ. ಹನ್ನೆರಡು ವರ್ಷಗಳಲ್ಲಿ ಭೂಮಿಯ ಒಡಲಿನಲ್ಲಿ ಏನೂ ಬದಲಾಗಲಿಲ್ಲ, ನಮ್ಮ ಮನೆಯ ಮಾಡಿನ ದೀಪ ಬದಲಾಯಿತು. ಇಂದು ಅನಿವಾರ್ಯವೆಂದು ತೋರುವ ಗಣಿ ಇಪ್ಪತ್ತು ವರ್ಷಗಳ ಬಳಿಕ ಬೇಡವಾಗಬಹುದು. ಗಣಿ ತೋಡಿದ ಹಳ್ಳ ಮಾತ್ರ ಅಲ್ಲೇ ಉಳಿಯುತ್ತದೆ. ಕೋಲಾರದ ಸಯನೈಡ್ ದಿಬ್ಬಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಏನಾಗುತ್ತದೆ? ಎರಡು ಮೂರು ನಿದರ್ಶನಗಳನ್ನು ಕೊಡುತ್ತೇನೆ. ಮತ್ತೆ ತೆರೆದ ಮೌಂಟನ್ ಪಾಸ್ ಗಣಿಯ ಕಂಪನಿಯಲ್ಲಿ ರಕ್ಷಣಾ ಇಲಾಖೆ 2025ರ ಜುಲೈನಲ್ಲಿ 40 ಕೋಟಿ ಡಾಲರ್ ಪಾಲುಬಂಡವಾಳ ಹೂಡಲು ಒಪ್ಪಿ, ಆಯಸ್ಕಾಂತಗಳಿಗೆ ಬೇಕಾದ ಧಾತುಗಳಿಗೆ ಹತ್ತು ವರ್ಷ ಕಿಲೋಗೆ 110 ಡಾಲರಿನ ಕನಿಷ್ಠ ಬೆಲೆಯ ಭರವಸೆ ಕೊಟ್ಟಿತು. ನಮ್ಮ ರೈತರು ಬೆಂಬಲ ಬೆಲೆ ಎನ್ನುವುದು ಇದನ್ನೇ. ನೆವಾಡದ ಥ್ಯಾಕರ್ ಪಾಸ್ ಎಂಬಲ್ಲಿನ ಲಿಥಿಯಂ ಗಣಿಗೆ ಎನರ್ಜಿ ಇಲಾಖೆ 2024ರಲ್ಲಿ 226 ಕೋಟಿ ಡಾಲರ್ ಸಾಲವನ್ನು ಮಂಜೂರು ಮಾಡಿತು. ಆ ನೆಲ ತಮ್ಮ ಪೂರ್ವಜರ ರಕ್ತ ಬಿದ್ದ ಪವಿತ್ರ ಸ್ಥಳವೆಂದು ಅಲ್ಲಿನ ಪಾಯೂಟ್ ಮತ್ತು ಶೋಶೋನಿ ಮೂಲನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 2023ರಲ್ಲಿ ತೀರ್ಪು ಅವರ ವಿರುದ್ಧ ಬಂದು, ನಿರ್ಮಾಣ ಆರಂಭವಾಯಿತು. 2025ರ ಏಪ್ರಿಲ್‌ನಲ್ಲಿ ಇಂಟೀರಿಯರ್ ಇಲಾಖೆ ಇಂಥ ಯೋಜನೆಗಳ ಪರಿಸರ ಪರಿಶೀಲನೆಯನ್ನು 14 ಇಲ್ಲವೆ 28 ದಿನಗಳಲ್ಲಿ ಮುಗಿಸುವ ತುರ್ತು ಕ್ರಮವನ್ನು ಪ್ರಕಟಿಸಿತು. ಮುಂದಿನ ತಿಂಗಳೇ ಯೂಟಾ ರಾಜ್ಯದ ಒಂದು ಯುರೇನಿಯಂ ಮತ್ತು ವನೇಡಿಯಂ ಗಣಿಗೆ ಆ ಕ್ರಮದಂತೆ ಒಪ್ಪಿಗೆ ದೊರೆಯಿತು.

ಇನ್ನು ತಾಯ್ನಾಡಿಗೆ ಬರೋಣ. ಇಲ್ಲಿ ನಡೆದದ್ದರ ಪ್ರತಿಬಿಂಬ ಅಲ್ಲಿಯೂ ಇದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಲಿಥಿಯಂ ಇದೆಯೆಂದು 2020ರಲ್ಲಿ ಪತ್ರಿಕೆಗಳು ಬರೆದುದನ್ನು ತಾವು ನೆನೆಯಬಹುದು. ಸುಮಾರು 14,000 ಟನ್ ಎಂಬ ಅಂದಾಜು ಆಗ ಓಡಾಡಿತು. ಶೋಧನೆ ನಡೆಸಿದ ಪರಮಾಣು ಖನಿಜ ನಿರ್ದೇಶನಾಲಯದ ಲೆಕ್ಕ 1,600 ಟನ್. ಲಿಥಿಯಂ ಹುಡುಕಲು ಪರಮಾಣು ಇಲಾಖೆ ಏಕೆ ಬಂದಿತು? ಏಕೆಂದರೆ ಆಗಿನ ಕಾನೂನಿನಲ್ಲಿ ಲಿಥಿಯಂ ಪರಮಾಣು ಖನಿಜ. ಖಾಸಗಿಯವರು ಅದನ್ನು ಮುಟ್ಟುವಂತಿರಲಿಲ್ಲ. 2023ರ ಜೂನ್‌ನಲ್ಲಿ ಭಾರತ ಸರ್ಕಾರ 30 ನಿರ್ಣಾಯಕ ಖನಿಜಗಳ ತನ್ನ ಮೊದಲ ಪಟ್ಟಿಯನ್ನು ಪ್ರಕಟಿಸಿತು. ಆಗಸ್ಟ್‌ನಲ್ಲಿ ಸಂಸತ್ತು ಗಣಿ ಕಾಯಿದೆಯನ್ನು ತಿದ್ದಿ ಲಿಥಿಯಂ, ಬೆರಿಲಿಯಂ, ಟೈಟಾನಿಯಂ, ನಿಯೋಬಿಯಂ, ಟ್ಯಾಂಟಲಂ, ಜಿರ್ಕೋನಿಯಂ ಈ ಆರನ್ನು ಪರಮಾಣು ಖನಿಜಗಳ ಪಂಕ್ತಿಯಿಂದ ತೆಗೆದು, ನಿರ್ಣಾಯಕ ಖನಿಜಗಳ ಪಂಕ್ತಿಗೆ ಸೇರಿಸಿತು. ನಿನ್ನೆಯವರೆಗೆ ಮುಚ್ಚಿಟ್ಟಿದ್ದುದು ಇಂದು ಹರಾಜಿಗೆ ಬಂತು. ಹರಾಜು ನಡೆಸುವ ಅಧಿಕಾರ ಕೇಂದ್ರಕ್ಕೆ, ಬರುವ ಹಣ ರಾಜ್ಯಕ್ಕೆ ಎಂಬುದು ಏರ್ಪಾಡು. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಮಂತ್ರಿಮಂಡಲ ಒಪ್ಪಿಗೆಯಿತ್ತಿತು.

ಪಟ್ಟಿಯಲ್ಲಿ ಹೆಸರು ಬರೆದೊಡನೆ ಲೋಹ ಹೊರಬರುವುದಿಲ್ಲ ಎಂಬುದನ್ನೂ ಹೇಳಬೇಕು. ಜಮ್ಮುವಿನ ರಿಯಾಸಿ ಜಿಲ್ಲೆಯ ಲಿಥಿಯಂ ನಿಕ್ಷೇಪವನ್ನು ದೊಡ್ಡ ಸುದ್ದಿಯಾಗಿ 2023ರ ಫೆಬ್ರವರಿಯಲ್ಲಿ ಸಾರಲಾಯಿತು. ಅದರ ಮೊದಲ ಹರಾಜಿಗೆ ಸಾಕಷ್ಟು ಅರ್ಹ ಬಿಡ್ಡುದಾರರು ಬಾರದೆ 2024ರ ಮಾರ್ಚ್‌ನಲ್ಲಿ ಅದನ್ನು ರದ್ದುಗೊಳಿಸಬೇಕಾಯಿತು. ಗ್ಯಾಲಿಯಂ ಬಾಕ್ಸೈಟಿನ ಸಂಸ್ಕರಣೆಯಲ್ಲಿ ಉಪೋತ್ಪನ್ನವಾಗಿ ದೊರೆಯುತ್ತದೆ. ಜರ್ಮೇನಿಯಂ ಬಹುಪಾಲು ಸತುವಿನೊಡನೆ. ಅವಕ್ಕೆಂದೇ ಗಣಿ ತೋಡುವವರಿಲ್ಲ. ಬೇಕಾದದ್ದು ಶುದ್ಧೀಕರಣದ ವಿದ್ಯೆ, ಹಳೆಯ ಯಂತ್ರಗಳಿಂದ ಲೋಹವನ್ನು ಮರಳಿ ಪಡೆಯುವ ವ್ಯವಸ್ಥೆ. ಭಾರತ 2025ರ ಸೆಪ್ಟೆಂಬರ್‌ನಲ್ಲಿ ಈ ಮರುಬಳಕೆಗೆ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಯನ್ನು ಪ್ರಕಟಿಸಿದ್ದು ಸ್ವಾಗತಾರ್ಹ.

ಆದರೆ ಅದೇ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಆದೇಶ ಹೊರಟಿತು, ಅದಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಪರಮಾಣು ಹಾಗೂ ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಪರಿಸರ ಅನುಮತಿ ನೀಡುವಾಗ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಕೊಡುವ ಜ್ಞಾಪನಪತ್ರ ಅದು. ರಕ್ಷಣೆಯ ಅಗತ್ಯ, ಕಾರ್ಯತಂತ್ರದ ಅಗತ್ಯ ಎಂಬುವು ಅದಕ್ಕೆ ಕೊಟ್ಟ ಕಾರಣಗಳು. ಪರಿಸರ ಪರಿಣಾಮದ ಅಧ್ಯಯನ ಉಳಿದುಕೊಂಡಿದೆ, ಕೇಂದ್ರದ ತಜ್ಞರ ಪರಿಶೀಲನೆಯೂ ಉಳಿದಿದೆ. ಹೋದದ್ದು ಒಂದೇ: ಜಿಲ್ಲಾಧಿಕಾರಿಗಳ ಸಮ್ಮುಖದಲ್ಲಿ ಊರಿನವರು ಎದ್ದುನಿಂತು, ನಮ್ಮ ಕೆರೆ ಏನಾಗುತ್ತದೆ, ನಮ್ಮ ಹೊಲ ಏನಾಗುತ್ತದೆ ಎಂದು ಕೇಳುವ ಸಭೆ. ಆ ಮಾತು ಕಡತ ಸೇರುತ್ತಿತ್ತು. ಉತ್ತರ ಕೊಡುವ ಹೊಣೆ ಕಂಪನಿಯ ಮೇಲೆ ಬೀಳುತ್ತಿತ್ತು. ನಾಳೆ ಮಂಡ್ಯದ ಆ ಸೀಮೆಯಲ್ಲಿ ಲಿಥಿಯಂ ಗಣಿಯೊಂದು ಪ್ರಸ್ತಾಪವಾದರೆ, ಈ ಜ್ಞಾಪನಪತ್ರದ ಪ್ರಕಾರ ಅಲ್ಲಿನ ಒಕ್ಕಲು ಮಕ್ಕಳಿಗೆ ಆ ಸಭೆ ದೊರೆಯದು. ಕಲ್ಲು ಅದೇ, ಊರು ಅದೇ; ಪಂಕ್ತಿ ಬದಲಾಗಿದೆ, ಅಷ್ಟೇ.

ದೇಶದ ಅಗತ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಬೇರೊಂದು ದೇಶದ ಮುಷ್ಟಿಯಲ್ಲಿ ನಮ್ಮ ದೀಪದ ಬತ್ತಿ ಇರಬಾರದೆಂಬುದು ನ್ಯಾಯವಾದ ಚಿಂತೆ. ಸೌರಫಲಕ, ಬ್ಯಾಟರಿ, ಗಾಳಿಯಂತ್ರಗಳಿಲ್ಲದೆ ಹೊಗೆಯಿಂದ ಬಿಡುಗಡೆಯೂ ಇಲ್ಲ. ಆದರೆ ಅಗತ್ಯ ಎಷ್ಟು ದೊಡ್ಡದೋ, ಅದನ್ನು ಹೊರುವವರಿಗೆ ಬಿಡಿಸಿ ಹೇಳುವ ಕರ್ತವ್ಯವೂ ಅಷ್ಟೇ ದೊಡ್ಡದು. ಒಂದು ಖನಿಜ ನಿಜವಾಗಿಯೂ ನಿರ್ಣಾಯಕವಾಗಿದ್ದರೆ, ಅದರ ಕಾರಣವನ್ನು ಊರಿನ ಚಾವಡಿಯಲ್ಲಿ ನಿಂತು ಹೇಳಲು ಸರ್ಕಾರಕ್ಕೆ ಅಂಜಿಕೆ ಏಕಿರಬೇಕು? ಪಟ್ಟಿಯಲ್ಲಿ ಹೆಸರು ಬಂದುದೇ ಉತ್ತರವೆನ್ನುವ ಆಡಳಿತಕ್ಕೆ, ಆ ಹೆಸರು ಮೂರು ವರ್ಷಕ್ಕೊಮ್ಮೆ ಬರುತ್ತಲೂ ಹೋಗುತ್ತಲೂ ಇರುತ್ತದೆಂಬುದನ್ನು ನೆನಪಿಸಬೇಕಾಗುತ್ತದೆ.

ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಈ ದೇಶದಲ್ಲಿ ಪರಿಷ್ಕೃತ ಪಟ್ಟಿಯ ಕರಡು 2025ರಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಬಂದಿತ್ತು. ಮುಂದಿನ ಕರಡು ಬಂದಾಗ ಅದನ್ನು ಓದಿರಿ. ಉದ್ಯಮಗಳವರು ಹೇಗೂ ಬರೆಯುತ್ತಾರೆ. ಚಿಪ್ಪು, ಬ್ಯಾಟರಿ, ಟ್ರಾನ್ಸ್‌ಫಾರ್ಮರುಗಳನ್ನು ಬಲ್ಲ ತಾವು ಸಾಮಾನ್ಯ ಪ್ರಜೆಗಳಾಗಿ ಬರೆದರೆ ಅದಕ್ಕೆ ಬೇರೆಯದೇ ತೂಕವಿರುತ್ತದೆ. ಯಾವ ವಸ್ತುವಿಗೆ ಬದಲಿ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ಕಾರ್ಖಾನೆಯಲ್ಲಿ ನಿಂತವರು ಬಲ್ಲಷ್ಟು ಕಚೇರಿಯಲ್ಲಿ ಕುಳಿತವರು ಬಲ್ಲರೆ? ತಾಯ್ನಾಡಿಗೆ ಹೋದಾಗ ತಮ್ಮ ಜಿಲ್ಲೆಯ ನೆಲದಲ್ಲಿ ಏನಿದೆ, ಅದು ಯಾವ ಪಂಕ್ತಿಯಲ್ಲಿದೆ ಎಂದು ಕೇಳಿರಿ. ಅಹವಾಲು ಸಭೆಯನ್ನು ಮರಳಿ ಕೊಡಬೇಕೆಂದು ತಮ್ಮ ಊರಿನ ಶಾಸಕರಿಗೆ, ಸಂಸದರಿಗೆ ಕನ್ನಡದಲ್ಲಿಯೇ ಒಂದು ಪತ್ರ ಬರೆಯಲು ತಮ್ಮ ಬಂಧುಗಳನ್ನು ಒಡಂಬಡಿಸಿರಿ. ಇಂಥ ವಿಷಯ ಇಂಗ್ಲಿಷಿನ ಕಡತಗಳಲ್ಲೇ ಉಳಿದಷ್ಟು ಕಾಲ, ಅದರ ಭಾರ ಹೊರುವವರಿಗೆ ಅದು ತಿಳಿಯದೆಯೇ ತೀರ್ಮಾನವಾಗುತ್ತಿರುತ್ತದೆ.